ಎರಡನೆಯ ಸಾಲಿನಲ್ಲಿ ನಿಂತ ರಾಜೀನಾಮೆ: ಪೊಲೀಸರು ಕೆಲಸ ಬಿಡುವ ಯೋಚನೆ ಮಾಡುವುದೇಕೆ?

ಬೆಳಗಿನ ಆರು ಗಂಟೆಗೆ ರಾತ್ರಿ ಪಾಳಿ ಮುಗಿಯುತ್ತದೆ. ಮುಗಿಯುತ್ತದೆ ಎಂದು ಠಾಣೆಯ ಪುಸ್ತಕ ಹೇಳುತ್ತದೆ, ಅಷ್ಟೆ. ನಸುಕಿನಲ್ಲಿ ಹಿಡಿದು ತಂದವನ ಕಾಗದಪತ್ರ ಬರೆದು ಮುಗಿಸುವಷ್ಟರಲ್ಲಿ ಎಂಟೂವರೆ. ಹತ್ತೂವರೆಗೆ ನ್ಯಾಯಾಲಯದಲ್ಲಿ ಮೂರು ವರ್ಷದ ಹಿಂದಿನ ಪ್ರಕರಣವೊಂದಕ್ಕೆ ಸಾಕ್ಷಿ ಹೇಳಬೇಕು. ಮನೆಗೆ ಹೋಗಿ ಮಲಗಿದರೆ ಎಚ್ಚರವಾಗದು ಎಂಬ ಭಯಕ್ಕೆ ಆತ ಮನೆಗೇ ಹೋಗುವುದಿಲ್ಲ. ನ್ಯಾಯಾಲಯದ ಬೆಂಚಿನ ಮೇಲೆ ಎರಡು ಗಂಟೆ ಕೂತ ಮೇಲೆ ತಿಳಿಯುತ್ತದೆ, ಆರೋಪಿಯ ವಕೀಲರು ಬಂದಿಲ್ಲ, ಪ್ರಕರಣ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಮೊಬೈಲಿಗೆ ಸಂದೇಶ: ನಾಳೆಯ ರಜೆ ರದ್ದು, ಬಂದೋಬಸ್ತಿಗೆ ಹಾಜರಾಗುವುದು. ನಾಳೆ ತಾಯಿಯನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯಬೇಕಿತ್ತು. ಅದನ್ನು ಮುಂದೂಡುತ್ತಿರುವುದು ಇದು ಮೂರನೆಯ ಸಲ.

ಅದೇ ಮೊಬೈಲಿನಲ್ಲಿ ಒಂದು ಕರಡು ಇದೆ. "ಮಾನ್ಯರೇ, ವೈಯಕ್ತಿಕ ಕಾರಣಗಳಿಂದಾಗಿ..." ಎಂದು ಆರಂಭವಾಗಿ ಎರಡನೆಯ ಸಾಲಿನಲ್ಲಿ ನಿಂತುಬಿಟ್ಟಿದೆ. ಬರೆದು ಹದಿನಾಲ್ಕು ತಿಂಗಳಾಯಿತು.

ಈತನಿಗೆ ಹೆಸರಿಲ್ಲ. ಹಲವರ ದಿನಗಳನ್ನು ಒಟ್ಟು ಸೇರಿಸಿ ಕಟ್ಟಿದ ಚಿತ್ರ ಇದು. ಆದರೆ ಆ ಕರಡು ಎಷ್ಟು ಮನಸ್ಸುಗಳಲ್ಲಿ ಇದ್ದೀತು ಎಂಬುದಕ್ಕೆ ಲೆಕ್ಕವುಂಟು. 2019ರಲ್ಲಿ ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು ಭಾರತದ 21 ರಾಜ್ಯಗಳಲ್ಲಿ ಸುಮಾರು 12 ಸಾವಿರ ಪೊಲೀಸ್ ಸಿಬ್ಬಂದಿಯನ್ನು ಮಾತನಾಡಿಸಿದ್ದವು. ಅವರು ಕೇಳಿದ ಪ್ರಶ್ನೆಗಳಲ್ಲಿ ಒಂದು ಬಹಳ ಜಾಣತನದ್ದು: ಇಷ್ಟೇ ಸಂಬಳ, ಇಷ್ಟೇ ಸವಲತ್ತು ಬೇರೆ ಕೆಲಸದಲ್ಲಿ ಸಿಕ್ಕರೆ ಇದನ್ನು ಬಿಡುತ್ತೀರಾ? ಶೇ 37ರಷ್ಟು ಮಂದಿ ಬಿಡುತ್ತೇವೆ ಎಂದರು. ಪ್ರಶ್ನೆಯ ಜಾಣತನ ಇರುವುದು ಅದು ಹಣವನ್ನು ಲೆಕ್ಕದಿಂದ ಹೊರಗಿಟ್ಟಿದ್ದರಲ್ಲಿ. ಹೆಚ್ಚು ದುಡ್ಡಿನ ಆಸೆ ತೋರಿಸಿ ಕೇಳಿದ್ದರೆ ಯಾವ ಕಸುಬಿನವರೂ ಹೂಂ ಎನ್ನುತ್ತಿದ್ದರು. ಇಲ್ಲಿ ಆಸೆಯಿಲ್ಲ, ಬರೀ ಬೇಸರದ ಅಳತೆ ಇದೆ. ಹತ್ತರಲ್ಲಿ ಸುಮಾರು ನಾಲ್ವರು, ಒಂದು ರೂಪಾಯಿಯ ಲಾಭವೂ ಇಲ್ಲದೆ ಸಮವಸ್ತ್ರ ಕಳಚಿಡಲು ಸಿದ್ಧರಿದ್ದಾರೆ.

ಸಿದ್ಧರಿದ್ದಾರೆ, ಆದರೆ ಹೋಗುವುದಿಲ್ಲ. ಪೊಲೀಸರ ರಾಜೀನಾಮೆಯ ಬಗ್ಗೆ ನಡೆಯುವ ಚರ್ಚೆಗಳೆಲ್ಲ ಹೋದವರ ತಲೆ ಎಣಿಸುತ್ತವೆ. ಹೋಗಬೇಕು ಎಂದುಕೊಂಡು ಉಳಿದವರ ಗುಂಪು ಅದಕ್ಕಿಂತ ಎಷ್ಟೋ ದೊಡ್ಡದು. ದೂರು ಹಿಡಿದು ಠಾಣೆಯ ಮೆಟ್ಟಿಲು ಹತ್ತುವವರಿಗೆ ಎದುರಾಗುವುದು ಹೋದವನಲ್ಲ, ಈ ಉಳಿದವನು.

ಗುಂಡಿನ ಭಯವೇ?

ಹೊರಗಿನವರ ಮೊದಲ ಊಹೆ ಅಪಾಯ. ಚಾಕು, ಕಲ್ಲು, ಗುಂಡು. ಎರಡನೆಯದು ಜನರ ತಿರಸ್ಕಾರ. ಎರಡರಲ್ಲೂ ಸತ್ಯಾಂಶವಿದೆ, ಆದರೆ ಕೆಲಸ ಬಿಡುವ ಯೋಚನೆಯ ಬೇರು ಅಲ್ಲಿಲ್ಲ.

ಜನರ ಸಿಟ್ಟಿನ ದೊಡ್ಡ ಪರೀಕ್ಷೆ ಅಮೆರಿಕದಲ್ಲಿ ನಡೆಯಿತು. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸ್ ಅಧಿಕಾರಿಯ ಮೊಣಕಾಲಿನಡಿ ಪ್ರಾಣ ಬಿಟ್ಟ ಮೇಲೆ ಆ ದೇಶದ ಪೊಲೀಸರು ಹಿಂದೆಂದೂ ಕಾಣದಷ್ಟು ಆಕ್ರೋಶ ಕಂಡರು. ಮಿನಿಯಾಪೊಲಿಸ್‌ನ ಪಡೆ ಸುಮಾರು 900ರಿಂದ ಕೆಲವೇ ವರ್ಷಗಳಲ್ಲಿ 600ಕ್ಕಿಂತ ಕೆಳಗಿಳಿಯಿತು. ಪೊಲೀಸ್ ಎಕ್ಸಿಕ್ಯುಟಿವ್ ರಿಸರ್ಚ್ ಫೋರಂ ಎಂಬ ಸಂಶೋಧನಾ ಸಂಸ್ಥೆ 2021ರಲ್ಲಿ ಸುಮಾರು ಇನ್ನೂರು ಇಲಾಖೆಗಳಿಂದ ಪಡೆದ ಲೆಕ್ಕದ ಪ್ರಕಾರ, ಹಿಂದಿನ ವರ್ಷಕ್ಕೆ ಹೋಲಿಸಿದರೆ ನಿವೃತ್ತಿಯ ಪ್ರಮಾಣ ಶೇ 45ರಷ್ಟು, ರಾಜೀನಾಮೆಯ ಪ್ರಮಾಣ ಶೇ 18ರಷ್ಟು ಏರಿತ್ತು. ನೋಡಿದಿರಾ, ತಿರಸ್ಕಾರವೇ ಕಾರಣ ಎನ್ನಬಹುದು.

ಆದರೆ ಆ ಎರಡು ಅಂಕಿಗಳ ನಡುವಿನ ಅಂತರವನ್ನು ಗಮನಿಸಬೇಕು. ನಿವೃತ್ತಿ ಅಷ್ಟು ಜಿಗಿದಿದೆ, ರಾಜೀನಾಮೆ ಅದರ ಅರ್ಧಕ್ಕೂ ಏರಿಲ್ಲ. ಪಿಂಚಣಿಯ ಹಕ್ಕು ಗಳಿಸಿ, ಇನ್ನೆರಡು ವರ್ಷ ನೋಡೋಣ ಎಂದು ಕೂತಿದ್ದವರು ಎದ್ದುಹೋದರು. ಜನರ ಸಿಟ್ಟು ಬಾಗಿಲ ಬಳಿ ನಿಂತಿದ್ದವರನ್ನು ಹೊರಗೆ ತಳ್ಳಿತು, ಮನೆಯೊಳಗೆ ಕೂತಿದ್ದವರನ್ನು ಬಾಗಿಲವರೆಗೆ ತಂದದ್ದು ಬೇರೇನೋ. ಅಲ್ಲದೆ, ದೊಡ್ಡ ನಗರದ ಕೆಲಸ ಬಿಟ್ಟವರಲ್ಲಿ ಅನೇಕರು ಪಕ್ಕದ ಚಿಕ್ಕ ಪಟ್ಟಣದ ಪೊಲೀಸ್ ಇಲಾಖೆಗೇ ಸೇರಿಕೊಂಡರು. ಅದೇ ಬಂದೂಕು, ಅದೇ ಸಮವಸ್ತ್ರ, ಅದೇ ಬೈಗುಳ. ಕಸುಬಿನ ಮೇಲೆ ಜಿಗುಪ್ಸೆ ಬಂದವನು ಹೀಗೆ ಮಾಡುವುದಿಲ್ಲ. ಕಚೇರಿಯ ಮೇಲೆ ಜಿಗುಪ್ಸೆ ಬಂದವನು ಮಾಡುತ್ತಾನೆ.

ನಲವತ್ತು ಪ್ರಶ್ನೆಗಳು

ಕೆನಡಾದ ಸಂಶೋಧಕರಾದ ಡೊನಾಲ್ಡ್ ಮೆಕ್ರಿಯರಿ ಮತ್ತು ಮೇಗನ್ ಥಾಂಪ್ಸನ್ 2006ರಲ್ಲಿ ಪೊಲೀಸರ ಒತ್ತಡ ಅಳೆಯಲು ಒಂದು ಪ್ರಶ್ನಾವಳಿ ರೂಪಿಸಿದರು. ಇಂದು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಸಾಧನ ಅದು. ಇಪ್ಪತ್ತು ಪ್ರಶ್ನೆ ಕೆಲಸದ ಬಗ್ಗೆ, ಇಪ್ಪತ್ತು ಇಲಾಖೆಯ ಬಗ್ಗೆ. ಪ್ರತಿಯೊಂದಕ್ಕೂ ಒಂದರಿಂದ ಏಳರವರೆಗೆ ಅಂಕ ಕೊಡಬೇಕು: ಒಂದೆಂದರೆ ಒತ್ತಡವೇ ಇಲ್ಲ, ಏಳೆಂದರೆ ಬಹಳ ಒತ್ತಡ.

ಮೊದಲ ಪಟ್ಟಿಯಲ್ಲಿ ನಾವು ಊಹಿಸುವವು ಇವೆ: ಗಾಯಗೊಳ್ಳುವ ಅಪಾಯ, ರಾತ್ರಿ ಒಬ್ಬನೇ ಗಸ್ತು, ಆಘಾತಕಾರಿ ಘಟನೆಗಳು. ಅವುಗಳ ಜೊತೆಗೇ ಊಹಿಸದವೂ ಇವೆ: ಸರಿಯಾದ ಊಟ ಸಿಗದಿರುವುದು, ಸದಾ ಕೆಲಸದಲ್ಲೇ ಇದ್ದಂತೆ ಅನಿಸುವುದು, ಈ ಕೆಲಸದ ಕಳಂಕ ಮನೆಯವರಿಗೂ ತಟ್ಟುವುದು. ಎರಡನೆಯ ಪಟ್ಟಿಯನ್ನು ಓದಿದರೆ ಅದು ಪೊಲೀಸ್ ಠಾಣೆಯದು ಎನಿಸುವುದಿಲ್ಲ, ಬೇಸತ್ತ ಯಾವುದೋ ಗುಮಾಸ್ತನ ದಿನಚರಿಯಂತಿದೆ. ಒಬ್ಬೊಬ್ಬರಿಗೆ ಒಂದೊಂದು ನಿಯಮ ಎಂಬ ಭಾವನೆ. ಇಲಾಖೆಗೆ ಸದಾ ನನ್ನನ್ನು ಸಾಬೀತುಪಡಿಸುತ್ತಲೇ ಇರಬೇಕು ಎಂಬ ಭಾವನೆ. ಮೇಲಧಿಕಾರಿಗಳು ತಪ್ಪನ್ನಷ್ಟೇ ಎತ್ತಿ ಆಡುವುದು. ಕೆಲಸ ಸಮವಾಗಿ ಹಂಚಿಕೆಯಾಗದಿರುವುದು. ಕಾಯಿಲೆ ಬಿದ್ದರೆ ಸಹೋದ್ಯೋಗಿಗಳೇ ಕೀಳಾಗಿ ಕಾಣುವುದು. ಆಂತರಿಕ ವಿಚಾರಣೆ. ನ್ಯಾಯಾಲಯದ ಅಲೆದಾಟ.

ಈ ವಿಷಯದಲ್ಲಿ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಯೆಂದರೆ, ದಣಿವಿಗೂ ಕೆಲಸ ಬಿಡುವ ಯೋಚನೆಗೂ ಎರಡನೆಯ ಪಟ್ಟಿಯ ನಂಟು ಮೊದಲನೆಯದರಷ್ಟೇ, ಹಲವು ಕಡೆ ಅದಕ್ಕಿಂತಲೂ ಬಿಗಿಯಾಗಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸ್ವಇಚ್ಛೆಯಿಂದ ರಾಜೀನಾಮೆ ಕೊಟ್ಟ ಪೊಲೀಸರನ್ನು ಅಧ್ಯಯನ ಮಾಡಿದ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಸಾರಾ ಚಾರ್ಮನ್ ಅವರಿಗೂ ಕೇಳಿಬಂದದ್ದು ಬಹುಮಟ್ಟಿಗೆ ಇಲಾಖೆಯ ಒಳಗಿನ ಅನ್ಯಾಯ ಮತ್ತು ನಾಯಕತ್ವದ ದೂರುಗಳೇ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ ಎಂದು ನನಗನಿಸುತ್ತದೆ. ಕಳ್ಳ ಕಳ್ಳನಂತೆ ನಡೆದುಕೊಂಡರೆ ಯಾರಿಗೂ ವಿಶ್ವಾಸದ್ರೋಹವಾಗುವುದಿಲ್ಲ. ಚಾಕು ಹಿಡಿದವನನ್ನು ಎದುರಿಸಲು ತರಬೇತಿ ಕೊಟ್ಟಿರುತ್ತಾರೆ, ಜೊತೆಗೆ ಇನ್ನೊಬ್ಬನಿರುತ್ತಾನೆ, ಮುಗಿದ ಮೇಲೆ ಹೇಳಿಕೊಳ್ಳಲು ಒಂದು ಕಥೆಯೂ ಉಳಿಯುತ್ತದೆ. ಹದಿನೈದು ನಿಮಿಷ ತಡವಾದದ್ದಕ್ಕೆ ಬಂದ ಮೆಮೊಗೆ ತರಬೇತಿಯಿಲ್ಲ, ಜೊತೆಗಾರನಿಲ್ಲ, ಕಥೆಯೂ ಇಲ್ಲ. ಹಿಂದಿನ ದಿನ ಹದಿನೆಂಟು ಗಂಟೆ ದುಡಿದದ್ದನ್ನು ಆ ಮೆಮೊ ನೆನೆಯುವುದೂ ಇಲ್ಲ. ಎದುರಾಳಿಯ ಏಟಿಗಿಂತ ತನ್ನವರ ಏಟು ಹೆಚ್ಚು ದಿನ ನೋಯುತ್ತದೆ.

ಡ್ಯೂಟಿ ಪಟ್ಟಿ ಎಂಬ ಆಯುಧ

ಠಾಣೆಯಲ್ಲಿ ಅತ್ಯಂತ ಹೆಚ್ಚು ಓದಲ್ಪಡುವ ಕಾಗದ ಕಾನೂನು ಪುಸ್ತಕದ್ದಲ್ಲ, ಗೋಡೆಗೆ ಅಂಟಿಸಿದ ಡ್ಯೂಟಿ ಪಟ್ಟಿ. ಯಾರಿಗೆ ಸತತ ಮೂರನೆಯ ವಾರವೂ ರಾತ್ರಿ ಪಾಳಿ, ಯಾರಿಗೆ ಕಂಪ್ಯೂಟರ್ ಮುಂದಿನ ಕುರ್ಚಿ, ಯಾರಿಗೆ ಬಿಸಿಲಿನ ವೃತ್ತ, ಸಾಹೇಬರಿಗೆ ಯಾರ ಮೇಲೆ ಮುನಿಸು, ಎಲ್ಲವೂ ಅದರಲ್ಲಿ ಬರೆದಿರುತ್ತದೆ. ಓದಲು ಬರಬೇಕು, ಅಷ್ಟೆ. ಹೊಸಬರಿಗೆ ಅದನ್ನು ಓದಲು ಬರುವುದಕ್ಕೆ ಹೆಚ್ಚೆಂದರೆ ಆರು ತಿಂಗಳು ಬೇಕು.

ಪಟ್ಟಿಯ ಮೊದಲ ಪೆಟ್ಟು ನಿದ್ದೆಗೆ. ಮೇಲೆ ಹೇಳಿದ 2019ರ ವರದಿಯ ಪ್ರಕಾರ ಭಾರತದ ಪೊಲೀಸರ ದುಡಿಮೆ ಸರಾಸರಿ ದಿನಕ್ಕೆ 14 ಗಂಟೆ, ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. ದುಡಿಮೆಯ ಅವಧಿ ಇದಕ್ಕಿಂತ ಕಡಿಮೆಯಿರುವ ಉತ್ತರ ಅಮೆರಿಕದಲ್ಲೂ ಚಿತ್ರ ಚೆನ್ನಾಗಿಲ್ಲ. ಅಲ್ಲಿನ 4,957 ಪೊಲೀಸರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 40ರಷ್ಟು ಮಂದಿಯಲ್ಲಿ ಒಂದಲ್ಲ ಒಂದು ನಿದ್ರಾ ದೋಷದ ಲಕ್ಷಣ ಕಂಡಿತ್ತು. ಹಾಗೆ ಕಂಡವರಲ್ಲಿ ಆರೋಪಿಗಳ ಮೇಲೋ ಸಾರ್ವಜನಿಕರ ಮೇಲೋ ಹಿಡಿತ ತಪ್ಪಿ ರೇಗುವುದು ಉಳಿದವರಿಗಿಂತ ಹೆಚ್ಚಿತ್ತು ಎಂಬುದು ಅದೇ ಅಧ್ಯಯನದ ಇನ್ನೊಂದು ಸಾಲು. ರಾತ್ರಿ ಪಾಳಿಯನ್ನು ಕ್ಯಾನ್ಸರ್ ತರಬಹುದಾದ ಸಂಗತಿಗಳ ಸಾಲಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೇ ಸೇರಿಸಿದೆ.

ಎರಡನೆಯ ಪೆಟ್ಟು ಮನೆಗೆ. ಇಪ್ಪತ್ತು ವರ್ಷ ಪೊಲೀಸ್ ಕೆಲಸ ಮಾಡಿ ಮನಶ್ಶಾಸ್ತ್ರಜ್ಞನೂ ಆಗಿದ್ದ ಅಮೆರಿಕದ ಕೆವಿನ್ ಗಿಲ್‌ಮಾರ್ಟಿನ್ ಇದನ್ನು ಒಂದು ಏರಿಳಿತವಾಗಿ ವಿವರಿಸುತ್ತಾರೆ. ಪಾಳಿಯುದ್ದಕ್ಕೂ ಕಣ್ಣು, ಕಿವಿ, ಬೆನ್ನು ಎಲ್ಲವೂ ಎಚ್ಚರ. ಎದುರಿಗೆ ಬರುವವನ ಕೈ ಎಲ್ಲಿದೆ, ಬಾಗಿಲ ಹಿಂದೆ ಯಾರಿದ್ದಾರೆ ಎಂದು ದೇಹ ಲೆಕ್ಕ ಹಾಕುತ್ತಲೇ ಇರುತ್ತದೆ. ಮನೆ ಸೇರಿದೊಡನೆ ಅದೇ ದೇಹ ಅಷ್ಟೇ ಆಳಕ್ಕೆ ಕುಸಿಯುತ್ತದೆ. ಠಾಣೆಯಲ್ಲಿ ಹತ್ತು ಜನರೊಡನೆ ಗಟ್ಟಿಯಾಗಿ ನಗುವವನು ಮನೆಯಲ್ಲಿ ಟಿವಿಯ ಮುಂದೆ ಮಾತಿಲ್ಲದೆ ಕೂರುತ್ತಾನೆ. ಮನೆಯವರಿಗೆ ಸಿಗುವುದು ಈ ಉಳಿಕೆ ಮನುಷ್ಯ. ಕೆಲಸ ಬಿಡಿ ಎಂಬ ಮಾತು ಮೊದಲು ಹೊರಡುವುದು ಪೊಲೀಸನ ಬಾಯಿಂದಲ್ಲ, ಊಟದ ಮೇಜಿನ ಇನ್ನೊಂದು ಬದಿಯಿಂದ ಎನ್ನುವುದಕ್ಕೆ ಇದೂ ಕಾರಣ. ಮಹಿಳಾ ಸಿಬ್ಬಂದಿಗಂತೂ ಮನೆಯಲ್ಲಿ ಕುಸಿದು ಕೂರುವ ಅವಕಾಶವೂ ಇಲ್ಲ, ಎರಡನೆಯ ಪಾಳಿ ಅಲ್ಲಿ ಕಾದಿರುತ್ತದೆ. ಬಂದೋಬಸ್ತಿನ ಜಾಗದಲ್ಲಿ ಶೌಚಾಲಯವಿಲ್ಲದೆ ಹತ್ತು ಗಂಟೆ ನಿಂತವಳಿಗೆ ಇಲಾಖೆ ತನ್ನನ್ನು ಲೆಕ್ಕಕ್ಕೆ ಹಿಡಿದೇ ಇಲ್ಲ ಎಂದು ತಿಳಿಯಲು ಸಮೀಕ್ಷೆ ಬೇಕಿಲ್ಲ.

ಮೂರನೆಯದು ನ್ಯಾಯದ ಪ್ರಶ್ನೆ, ಮತ್ತು ನನ್ನ ಮಟ್ಟಿಗೆ ಇದೇ ದೊಡ್ಡದು. ಮನುಷ್ಯ ಕಷ್ಟವನ್ನು ಸಹಿಸುತ್ತಾನೆ. ಕಷ್ಟದ ಹಂಚಿಕೆಯಲ್ಲಿ ಮೋಸವಾದರೆ ಸಹಿಸುವುದಿಲ್ಲ. ಎಲ್ಲರಿಗೂ ರಜೆ ಇಲ್ಲದಿದ್ದರೆ ಅದು ಪರಿಸ್ಥಿತಿ, ನನಗೆ ಮಾತ್ರ ಇಲ್ಲದಿದ್ದರೆ ಅದು ಅವಮಾನ. ವರ್ಗಾವಣೆ, ಮುಂಬಡ್ತಿ, ಅಮಾನತು ಮೂರೂ ಇದೇ ತಕ್ಕಡಿಯಲ್ಲಿ ತೂಗುತ್ತವೆ. ಪ್ರಭಾವಿಯ ವಾಹನ ತಡೆದವನು ವಾರದೊಳಗೆ ದೂರದ ಊರಿಗೆ ಹೋದರೆ, ಆ ಠಾಣೆಯ ಉಳಿದ ಇಪ್ಪತ್ತು ಮಂದಿ ಕಲಿಯುವ ಪಾಠಕ್ಕೆ ಸುತ್ತೋಲೆ ಹೊರಡಿಸಬೇಕಾಗಿಲ್ಲ. ಭಾರತದ ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಠಾಣಾಧಿಕಾರಿಗಳಿಗೂ ಕನಿಷ್ಠ ಎರಡು ವರ್ಷದ ಅವಧಿ ಇರಬೇಕು ಎಂದು ನಿರ್ದೇಶಿಸಿದ್ದು ಈ ಕಾಯಿಲೆಯನ್ನು ನೋಡಿಯೇ. ನಿಷ್ಠುರವಾಗಿ ಹೇಳುವುದಾದರೆ, ಇಂಥ ವ್ಯವಸ್ಥೆಯಲ್ಲಿ ಮೊದಲು ರೋಸಿಹೋಗುವವನು ಪ್ರಾಮಾಣಿಕ. ಅಪ್ರಾಮಾಣಿಕನಿಗೆ ಬಿಟ್ಟುಹೋಗಲು ಕಾರಣವೇ ಇರುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಪೊಲೀಸರಿಗೆ ಒತ್ತಡ ತರುವ ಎಲ್ಲವನ್ನೂ ತೆಗೆದುಹಾಕಬೇಕು ಎಂದಲ್ಲ. ಆ ನಲವತ್ತು ಪ್ರಶ್ನೆಗಳಲ್ಲಿ 'ಮಾಡಿದ ಕೆಲಸಕ್ಕೆ ಉತ್ತರದಾಯಿ ಆಗಬೇಕಾದದ್ದು' ಎಂಬುದೂ ಒಂದು. ಲಾಠಿ, ಬಂದೂಕು, ಬಂಧನದ ಅಧಿಕಾರ ಇರುವವರಿಗೆ ಆ ಒತ್ತಡ ಇರಲೇಬೇಕು. ಮೈಮೇಲಿನ ಕ್ಯಾಮೆರಾ ಸಹಿಸದವನು ಕೆಲಸ ಬಿಟ್ಟರೆ ಸಮಾಜಕ್ಕೆ ನಷ್ಟವಿಲ್ಲ. ತಕರಾರಿರುವುದು ವಿಚಾರಣೆಯ ವಿಧಾನದ ಬಗ್ಗೆ. ಎರಡು ವರ್ಷ, ಮೂರು ವರ್ಷ ತೂಗುಹಾಕಿದ ಇಲಾಖಾ ವಿಚಾರಣೆ ತಪ್ಪು ಮಾಡದವನನ್ನು ಅರೆಯುತ್ತದೆ, ತಪ್ಪು ಮಾಡಿದವನಿಗೆ ಕಾಲಾವಕಾಶ ಕೊಡುತ್ತದೆ, ದೂರು ಕೊಟ್ಟ ನಾಗರಿಕನಿಗೆ ಏನನ್ನೂ ಕೊಡುವುದಿಲ್ಲ.

ಬಾಯಿ ಮುಚ್ಚಿದ ಕಸುಬು

ಬೇರೆ ಕೆಲಸಗಳಲ್ಲಿ ಅಸಮಾಧಾನವಿದ್ದರೆ ಸಂಘ ಕಟ್ಟುತ್ತಾರೆ, ಧರಣಿ ಕೂರುತ್ತಾರೆ, ಕಡೆಗೆ ಮುಷ್ಕರ ಹೂಡುತ್ತಾರೆ. ಪೊಲೀಸರೂ ಒಂದು ಕಾಲದಲ್ಲಿ ಹೂಡಿದ್ದರು. 1918ರ ಆಗಸ್ಟ್ ಕೊನೆಯಲ್ಲಿ ಲಂಡನ್ನಿನ ಸಾವಿರಾರು ಪೊಲೀಸರು ಕೆಲಸ ನಿಲ್ಲಿಸಿದರು. ಸರ್ಕಾರ ಬೆಚ್ಚಿಬಿದ್ದು ಸಂಬಳ ಏರಿಸಿತು, ಮರುವರ್ಷ ಕಾನೂನು ತಂದು ಪೊಲೀಸರ ಕಾರ್ಮಿಕ ಸಂಘವನ್ನೇ ನಿಷೇಧಿಸಿತು.

ಅಮೆರಿಕದ ಬಾಸ್ಟನ್‌ನ ಕಥೆ ಇನ್ನೂ ಕಹಿ. ಅಲ್ಲಿನ ಪೊಲೀಸರು ವಾರಕ್ಕೆ 73ರಿಂದ 98 ಗಂಟೆ ದುಡಿಯುತ್ತಿದ್ದರು, ಸಮವಸ್ತ್ರವನ್ನು ಸ್ವಂತ ದುಡ್ಡಿನಲ್ಲಿ ಕೊಳ್ಳಬೇಕಿತ್ತು, ಠಾಣೆಗಳು ಗಲೀಜು. ಸಂಘ ಕಟ್ಟಲು ಹೋದವರನ್ನು ಅಮಾನತು ಮಾಡಿದಾಗ, 1919ರ ಸೆಪ್ಟೆಂಬರ್ 9ರಂದು ಪಡೆಯ ಸುಮಾರು ಮುಕ್ಕಾಲು ಪಾಲು ಹೊರನಡೆಯಿತು. ನಗರದಲ್ಲಿ ಲೂಟಿ, ಗಲಭೆ ನಡೆದು ರಾಜ್ಯದ ಸಶಸ್ತ್ರ ಕಾವಲು ಪಡೆಯನ್ನು ಕರೆಸಬೇಕಾಯಿತು. ಮುಷ್ಕರ ಹೂಡಿದವರಲ್ಲಿ ಒಬ್ಬರನ್ನೂ ಮರಳಿ ಸೇರಿಸಿಕೊಳ್ಳಲಿಲ್ಲ. ಅವರ ಜಾಗಕ್ಕೆ ಬಂದ ಹೊಸಬರಿಗೆ ಹೆಚ್ಚಿನ ಸಂಬಳ, ಹೆಚ್ಚಿನ ರಜೆ, ಉಚಿತ ಸಮವಸ್ತ್ರ ಎಲ್ಲವೂ ಸಿಕ್ಕಿತು. ಬೇಡಿಕೆ ನ್ಯಾಯವಾದದ್ದೇ, ಕೇಳಿದವರು ಬೇಡ ಎಂಬ ತೀರ್ಪು ಅದು. ಮುಷ್ಕರ ಮುರಿದ ಗವರ್ನರ್ ಕ್ಯಾಲ್ವಿನ್ ಕೂಲಿಡ್ಜ್ ಮುಂದೆ ಆ ದೇಶದ ಅಧ್ಯಕ್ಷರಾದರು.

ಆ ನೆರಳು ಇನ್ನೂ ಸರಿದಿಲ್ಲ. ಭಾರತದಲ್ಲೂ 1966ರ ಕಾಯ್ದೆಯೊಂದು ಪೊಲೀಸರು ಅನುಮತಿಯಿಲ್ಲದೆ ಸಂಘ ಸೇರುವುದನ್ನು ನಿರ್ಬಂಧಿಸುತ್ತದೆ. ಶಸ್ತ್ರ ಹಿಡಿದ ಪಡೆ ಮುಷ್ಕರ ಹೂಡಬಾರದು ಎಂಬ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಮುಷ್ಕರದ ಬಾಗಿಲು ಮುಚ್ಚಿದವರು ಅಹವಾಲಿನ ಕಿಟಕಿಯನ್ನಾದರೂ ತೆರೆದಿಡಬೇಕಿತ್ತು. ಎಷ್ಟೋ ಕಡೆ ಅದೂ ಇಲ್ಲ. ರಜೆ ಕೊಡದ ಅಧಿಕಾರಿಯ ಮೇಲಿನ ದೂರು ಹೋಗಬೇಕಾದದ್ದು ಅದೇ ಅಧಿಕಾರಿಯ ಮೂಲಕ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಮಂಡಿಸಿದ ವಿಚಾರ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಒಂದು ಸಂಸ್ಥೆ ಕೆಡುತ್ತಿದೆ ಎನಿಸಿದಾಗ ಒಳಗಿರುವವರ ಮುಂದೆ ಎರಡು ದಾರಿ: ಹೊರಹೋಗುವುದು ಅಥವಾ ದನಿ ಎತ್ತುವುದು. ಯಾವುದನ್ನು ಆರಿಸಿಕೊಳ್ಳುತ್ತಾರೆ ಎಂಬುದನ್ನು ಬಹುಪಾಲು ನಿಷ್ಠೆ ನಿರ್ಧರಿಸುತ್ತದೆ. ದನಿಗೆ ಅವಕಾಶವಿಲ್ಲದ ಕಡೆ ಹೊರಹೋಗುವ ಯೋಚನೆ ಬೆಳೆಯುವುದು ಸಹಜ. ಪೊಲೀಸರ ಪಾಡು ಏನೆಂದರೆ ಹೊರದಾರಿಯೂ ಸುಲಭವಿಲ್ಲ.

ಬಿಡಲಾಗದ ಕಾರಣಗಳು

ಕೆಲಸ ಬಿಡುವುದು ಒಂದು ದಿನದ ತೀರ್ಮಾನವಲ್ಲ ಎಂದು ಸಂಶೋಧಕ ವಿಲಿಯಂ ಮೋಬ್ಲಿ 1977ರಲ್ಲೇ ಹಂತ ಹಂತವಾಗಿ ಗುರುತಿಸಿದ್ದರು. ಮೊದಲು ಅತೃಪ್ತಿ, ಆಮೇಲೆ ಬಿಡುವ ಯೋಚನೆ, ಬಿಟ್ಟರೆ ಆಗುವ ನಷ್ಟದ ಲೆಕ್ಕ, ಬೇರೆ ಕೆಲಸದ ಹುಡುಕಾಟ, ಹೋಲಿಕೆ, ಕೊನೆಗೆ ನಿರ್ಧಾರ. ಬಹಳಷ್ಟು ಪೊಲೀಸರ ಪಯಣ ಮೂರನೆಯ ಮೆಟ್ಟಿಲಲ್ಲೇ ನಿಲ್ಲುತ್ತದೆ. ಸಾಲ, ಇಲಾಖೆಯ ವಸತಿಗೃಹ, ಮಕ್ಕಳ ಶಾಲೆ, ಪಿಂಚಣಿ. ಹದಿನೆಂಟು ವರ್ಷದ ಅನುಭವವಿದ್ದರೂ ಹೊರಗಿನ ಮಾರುಕಟ್ಟೆಯಲ್ಲಿ ಅದಕ್ಕೆ ಸಿಗುವ ಹೆಸರು ಭದ್ರತಾ ಮೇಲ್ವಿಚಾರಕ. ಹೆಣದ ಮುಂದೆ ಕೂತು ಮಹಜರು ಬರೆಯಬಲ್ಲವನ, ರೊಚ್ಚಿಗೆದ್ದ ಗುಂಪನ್ನು ಮಾತಿನಲ್ಲೇ ಚದುರಿಸಬಲ್ಲವನ ಕೌಶಲಕ್ಕೆ ಬೇರೆಲ್ಲೂ ಬೆಲೆಪಟ್ಟಿ ಇಲ್ಲ. ಇದರ ಮೇಲೆ ಗುರುತಿನ ಪ್ರಶ್ನೆ. ಬೇರೆಯವರು ಕೆಲಸ ಮಾಡುತ್ತಾರೆ, ಪೊಲೀಸರು ಪೊಲೀಸರಾಗಿರುತ್ತಾರೆ.

ಹಾಗಾಗಿಯೇ ಹೋಗುವವರು ಎರಡು ತುದಿಗಳಲ್ಲಿ ಸಿಗುತ್ತಾರೆ: ಇನ್ನೂ ಬೇರು ಬಿಡದ ಹೊಸಬರು, ಪಿಂಚಣಿ ಖಚಿತವಾದ ಹಳಬರು. ನಡುವಿನವರು ಸಿಕ್ಕಿಬಿದ್ದಿರುತ್ತಾರೆ. ಬ್ರಿಟನ್ನಿನಲ್ಲಿ ಪಿಂಚಣಿಯ ಈ ಕೊಂಡಿಯೂ ಸಡಿಲವಾಗಿದೆ. ಹಿಂದೆ ಅಲ್ಲಿ ಮೂವತ್ತು ವರ್ಷ ಸೇವೆ ಮುಗಿಸಿದವರಿಗೆ ಪೂರ್ಣ ಪಿಂಚಣಿ ಸಿಗುತ್ತಿತ್ತು. 2015ರಲ್ಲಿ ಬಂದ ಯೋಜನೆ ಅದನ್ನು ಅರವತ್ತರ ವಯಸ್ಸಿಗೆ ಕಟ್ಟಿತು. ಇಪ್ಪತ್ತೆರಡರ ಹರೆಯದಲ್ಲಿ ಸೇರಿದವನಿಗೆ ಅರವತ್ತು ಎಂದರೆ ಇನ್ನೊಂದು ಜನ್ಮ.

ಅದೇ ದೇಶದಲ್ಲಿ 2019ರಲ್ಲಿ ಸರ್ಕಾರ 20 ಸಾವಿರ ಹೊಸ ಪೊಲೀಸರನ್ನು ನೇಮಿಸುವ ಯೋಜನೆ ಘೋಷಿಸಿ 2023ರ ಮಾರ್ಚ್ ವೇಳೆಗೆ ಗುರಿ ಮುಟ್ಟಿದ್ದಾಗಿ ಹೇಳಿತು. ಗುರಿ ಮುಟ್ಟಿದ್ದು ನಿಜ. ಅದರಲ್ಲಿ ಹೆಚ್ಚಿನ ಪಾಲು 2010ರ ನಂತರ ಕಡಿತ ಮಾಡಿದ್ದ ಹುದ್ದೆಗಳನ್ನು ಮತ್ತೆ ತುಂಬಿದ್ದು ಎಂಬುದೂ ನಿಜ. ಅದೇ ಅವಧಿಯಲ್ಲಿ ಸ್ವಇಚ್ಛೆಯ ರಾಜೀನಾಮೆಗಳು ಏರುತ್ತಲೇ ಹೋದವು, ಹೋದವರಲ್ಲಿ ಸೇರಿ ಕೆಲವೇ ವರ್ಷ ಆದವರ ಪಾಲು ದೊಡ್ಡದಿತ್ತು. ತೂತು ಬಿಂದಿಗೆಗೆ ನಲ್ಲಿ ಜೋರಾಗಿ ಬಿಟ್ಟಂತೆ. ಅನುಭವಿ ಹೋಗಿ ಹೊಸಬ ಬಂದರೆ ತಲೆ ಲೆಕ್ಕ ಸರಿಯಾಗುತ್ತದೆ, ತನಿಖೆ ಹೇಳಿಕೊಡುವವರು ಇರುವುದಿಲ್ಲ. ಮೂರು ವರ್ಷದವನು ಮೂರು ತಿಂಗಳಿನವನಿಗೆ ಗುರುವಾಗುತ್ತಾನೆ.

ಏಕೆ ಹೋದಿರಿ ಎಂದು ಕೇಳಿದರೆ ಸಿಗುವ ಉತ್ತರ 'ವೈಯಕ್ತಿಕ ಕಾರಣ'. ಬಾಕಿ ಹಣ, ಪಿಂಚಣಿ ಕಾಗದ, ಮುಂದಿನ ಕೆಲಸಕ್ಕೆ ಬೇಕಾದ ನಡತೆ ಪತ್ರ ಎಲ್ಲಕ್ಕೂ ಸಹಿ ಹಾಕಬೇಕಾದವರು ಅದೇ ಸಾಹೇಬರು. ಹೊರಡುವ ಹೊತ್ತಿನಲ್ಲಿ ನಿಜ ಹೇಳುವಷ್ಟು ದಡ್ಡರು ಯಾರೂ ಇಲ್ಲ. ಇಲಾಖೆಯ ಕಡತಗಳಲ್ಲಿ ಸಾವಿರಾರು ವೈಯಕ್ತಿಕ ಕಾರಣಗಳು ಒಟ್ಟಾಗಿ ಕೂತಿವೆ, ಅವು ವೈಯಕ್ತಿಕವೇನೂ ಅಲ್ಲ.

ಇನ್ನು ನಡುವೆ ಸಿಕ್ಕಿಬಿದ್ದವರು. ಹರ್ಷ್‌ಮನ್‌ರ ವಿಚಾರವನ್ನು 1980ರ ದಶಕದಲ್ಲಿ ಮುಂದುವರಿಸಿದ ಮನಶ್ಶಾಸ್ತ್ರಜ್ಞೆ ಕ್ಯಾರಿಲ್ ರಸ್ಬಲ್ಟ್ ಮತ್ತು ಸಂಗಡಿಗರು ನಿಷ್ಠೆಯಿಂದ ಕಾದು ಕೂರುವುದನ್ನೂ ಮೂರನೆಯ ದಾರಿಯಾಗಿ ಎಣಿಸಿ, ನಾಲ್ಕನೆಯದೊಂದನ್ನು ಸೇರಿಸಿದರು: ಉಪೇಕ್ಷೆ. ಹೋಗಲಾರ, ಹೇಳಲಾರ, ನಂಬಲೂ ಆರ, ಹಾಗಾಗಿ ಕೆಲಸದ ಕೈಯನ್ನು ನಿಧಾನವಾಗಿ ಸಡಿಲಿಸುತ್ತಾನೆ. ಠಾಣೆಯಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ. ಹಾಜರಿ ಸರಿಯಾಗಿರುತ್ತದೆ, ಸಮವಸ್ತ್ರವೂ ಸರಿ. ಗಸ್ತು ಪುಸ್ತಕದಲ್ಲಿ ಸಹಿ ಇರುತ್ತದೆ, ಗಸ್ತು ಇರುವುದಿಲ್ಲ. ಸಾಕ್ಷಿಯನ್ನು ಎರಡನೆಯ ಸಲ ಕಾಣಬೇಕಾದಲ್ಲಿ ಮೊದಲ ಸಲದ ಹೇಳಿಕೆಯೇ ಸಾಕೆನಿಸುತ್ತದೆ. ಮೇಲಿನವರು ತನ್ನನ್ನು ಹೇಗೆ ನಡೆಸಿಕೊಂಡರೋ ಅದೇ ಅಳತೆಯಲ್ಲಿ ಆತ ಎದುರು ನಿಂತವರನ್ನು ನಡೆಸಿಕೊಳ್ಳುತ್ತಾನೆ. ಒಳಗೆ ನ್ಯಾಯ ಕಂಡ ಪೊಲೀಸರೇ ಹೊರಗೆ ನ್ಯಾಯವಾಗಿ ನಡೆದುಕೊಳ್ಳುವ ಸಾಧ್ಯತೆ ಹೆಚ್ಚು ಎಂಬುದು ಅಮೆರಿಕದ ಮನಶ್ಶಾಸ್ತ್ರಜ್ಞ ಟಾಮ್ ಟೈಲರ್ ಅವರ ವಿಚಾರದ ಜಾಡಿನಲ್ಲಿ ಪೊಲೀಸ್ ಸಂಶೋಧಕರು ಬಹುಕಾಲದಿಂದ ಹೇಳುತ್ತಿರುವ ಮಾತು.

ಪರಿಹಾರ ಎಂದೊಡನೆ ಇಲಾಖೆಗಳಿಗೆ ಹೊಳೆಯುವುದು ಒತ್ತಡ ನಿರ್ವಹಣೆಯ ಶಿಬಿರ, ಯೋಗ, ಉಪನ್ಯಾಸ. ರಜೆಯ ದಿನವೇ ಶಿಬಿರ ಇಟ್ಟು ಹಾಜರಿ ಕಡ್ಡಾಯ ಮಾಡಿದರೆ ಆ ದಿನದ ಒತ್ತಡಕ್ಕೆ ಶಿಬಿರವೇ ಕಾರಣ. ಕೆಲಸ ಮಾಡುವ ಉಪಾಯಗಳು ಇದಕ್ಕಿಂತ ನೀರಸ. ಡೆಟ್ರಾಯಿಟ್ ಮತ್ತು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಪೊಲೀಸ್ ಫೌಂಡೇಶನ್ ಎಂಬ ಸಂಶೋಧನಾ ಸಂಸ್ಥೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎಂಟು, ಹತ್ತು, ಹನ್ನೆರಡು ಗಂಟೆಯ ಪಾಳಿಗಳನ್ನು ಹೋಲಿಸಿದರು. ಹತ್ತು ಗಂಟೆಯ ಪಾಳಿಯವರು ಎಂಟು ಗಂಟೆಯವರಿಗಿಂತ ಹೆಚ್ಚು ನಿದ್ದೆ ಮಾಡಿದರು, ಅವರ ಹೆಚ್ಚುವರಿ ದುಡಿಮೆಯೂ ಕಡಿಮೆಯಾಯಿತು. ಹನ್ನೆರಡು ಗಂಟೆಯವರಲ್ಲಿ ತೂಕಡಿಕೆ ಹೆಚ್ಚಿತು, ಚುರುಕು ಇಳಿಯಿತು. ಪಾಳಿಯ ಲೆಕ್ಕ ಬದಲಿಸುವುದಕ್ಕೆ ಭಾಷಣ ಬೇಡ. ಡ್ಯೂಟಿ ಪಟ್ಟಿಯನ್ನು ಒಂದು ತಿಂಗಳು ಮುಂಚೆ ಪ್ರಕಟಿಸುವುದಕ್ಕೂ, ರದ್ದಾದ ರಜೆಗೆ ಬದಲಿ ದಿನವನ್ನು ಅಂದೇ ಬರೆದುಕೊಡುವುದಕ್ಕೂ, ವಿಚಾರಣೆಗೆ ಗಡುವು ಹಾಕುವುದಕ್ಕೂ ಬೇಡ. ಇವೆಲ್ಲ ಆಗದಿರುವುದು ಹಣದ ಕೊರತೆಯಿಂದಷ್ಟೇ ಅಲ್ಲ. ಪಟ್ಟಿ ಮುಂಚೆಯೇ ಗೋಡೆಗೆ ಬಿದ್ದರೆ, ಅದನ್ನು ಬರೆಯುವವನ ಕೈಯಲ್ಲಿರುವ ಅಧಿಕಾರ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ನ್ಯಾಯಾಲಯದಿಂದ ಮರಳಿದ ನಮ್ಮ ಹೆಸರಿಲ್ಲದವನು ಮಧ್ಯಾಹ್ನ ಎರಡಕ್ಕೆ ಠಾಣೆಯಲ್ಲಿದ್ದಾನೆ. ಮನೆಗೆ ಹೋಗಬೇಕಿತ್ತು, ಇಬ್ಬರು ಬಂದಿಲ್ಲವೆಂದು ಕೂರಿಸಿದ್ದಾರೆ. ಮೊಬೈಲ್ ತೆರೆದು ಕರಡನ್ನು ನೋಡುತ್ತಾನೆ, ಮೂರನೆಯ ಸಾಲು ಬರೆಯುವುದಿಲ್ಲ. ಮೇಜಿನ ಎದುರು ಒಬ್ಬ ಹೆಂಗಸು ಬಂದು ನಿಂತಿದ್ದಾಳೆ, ಕೈಯಲ್ಲಿ ಮಡಿಸಿದ ದೂರು. ಆತ ತಲೆ ಎತ್ತದೆ, "ಬರೆದುಕೊಳ್ಳುವವರು ಊಟಕ್ಕೆ ಹೋಗಿದ್ದಾರೆ, ಸಂಜೆ ಬನ್ನಿ" ಎನ್ನುತ್ತಾನೆ.

ಬರೆದುಕೊಳ್ಳಬೇಕಾದವನು ಅವನೇ.